ಕರುಣೆಯನ್ನು ಕಳೆದುಕೊಂಡ ಪದ

“‘ರೂತ್‌ಲೆಸ್‌ಲಿ’ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ ‘ನಿರ್ದಯವಾಗಿ’ ಎಂಬ ಅರ್ಥವಿದೆ. ‘ಲೆಸ್’ ಎಂದರೆ ‘ಇಲ್ಲದ’ ಎಂದಾಯಿತು. ಆದರೆ ಇಲ್ಲದಿರುವ ಆ ‘ರೂತ್’ ಯಾವುದು?” ಮಗನಿಗೆ ಪಾಠ ಹೇಳಿಕೊಡಲು ಕುಳಿತು, ಈ ಪದದ ಬಳಿ ತಡೆದು ನಿಂತ ತಾಯಿಯೊಬ್ಬರ ಪ್ರಶ್ನೆಯಿದು.

‘ರೂತ್’ ಎಂದರೆ ಕರುಣೆ, ಮರುಕ. ಹಳೆಯ ಇಂಗ್ಲಿಷಿನಲ್ಲಿ ದುಃಖವನ್ನೂ ಪಶ್ಚಾತ್ತಾಪವನ್ನೂ ಸೂಚಿಸುವ ಕ್ರಿಯಾಪದವೊಂದಿತ್ತು. ಮರುಗು, ಪರಿತಪಿಸು ಎಂಬರ್ಥದ ಇಂದಿನ ‘ರೂ’ ಅದರದೇ ಸಂತತಿ. ‘ಟ್ರೂ’ ಎಂಬುದರಿಂದ ‘ಟ್ರೂತ್’ ಆದಂತೆ ‘ರೂ’ ಎಂಬುದರಿಂದ ‘ರೂತ್’ ಆಯಿತು. ಪರರ ನೋವಿಗೆ ಮರುಗುವುದೂ ತನ್ನ ತಪ್ಪಿಗೆ ಮರುಗುವುದೂ ಈ ಒಂದೇ ಪದದಲ್ಲಿ ಅಡಗಿದ್ದುವು. ಅದಿಲ್ಲದವನಿಗೆ ಹೊಡೆಯುವಾಗ ಮರುಕವಿಲ್ಲ. ಹೊಡೆದ ಮೇಲೆ ಪಶ್ಚಾತ್ತಾಪವೂ ಇಲ್ಲ.

1638ರಲ್ಲಿ ಪ್ರಕಟವಾದ ‘ಲಿಸಿಡಸ್’ ಎಂಬ ಶೋಕಗೀತೆಯಲ್ಲಿ ಮಿಲ್ಟನ್ ಕವಿಯು ‘ರೂತ್’ ಪದವನ್ನು ಕರುಣೆಯ ಅರ್ಥದಲ್ಲಿಯೇ ಬಳಸಿದ್ದಾನೆ. ಕ್ರಮೇಣ ಅದು ಆಡುಮಾತಿನಿಂದ ಮರೆಯಾಯಿತು. ಅದರ ಅಭಾವವನ್ನು ಹೇಳುವ ಪದ ಮಾತ್ರ ಉಳಿಯಿತು. ‘ರೆಕ್‌ಲೆಸ್’ ಪದದ ಕಥೆಯೂ ಇಂಥದೇ. ಎಚ್ಚರ, ಲಕ್ಷ್ಯ ಎಂಬ ಅರ್ಥದ ‘ರೆಕ್’ ಬಳಕೆ ತಪ್ಪಿತು, ಅಲಕ್ಷ್ಯ ಉಳಿಯಿತು.

ಬೈಬಲಿನ ರೂತಳಿಗೂ ಈ ಪದಕ್ಕೂ ಸಂಬಂಧವಿಲ್ಲ. ಆಕೆಯ ಹೆಸರು ಹೀಬ್ರೂ ಮೂಲದ್ದು. ಆದರೂ, ಗಂಡ ತೀರಿಕೊಂಡ ಮೇಲೆಯೂ ಅತ್ತೆಯ ಕೈಬಿಡದೆ ಹಿಂದೆಯೇ ನಡೆದ ಆ ಸೊಸೆಗೆ ಇಂಗ್ಲಿಷಿನ ಅರ್ಥವೂ ಒಪ್ಪುವಂತಿರುವುದು ಸೊಗಸಾದ ಕಾಕತಾಳೀಯ.

ಕನ್ನಡಿಗರ ಅದೃಷ್ಟ, ನಮ್ಮಲ್ಲಿ ‘ನಿರ್ದಯ’ದ ಜೊತೆಗೆ ‘ದಯೆ’ಯೂ, ‘ನಿಷ್ಕರುಣ’ದ ಜೊತೆಗೆ ‘ಕರುಣೆ’ಯೂ ಬದುಕಿವೆ. ಆದರೆ ಅನುವಾದಿಸುವಾಗ ಒಂದು ಎಚ್ಚರ ಬೇಕು. ಸಂಪಾದಕನು ಉದ್ದವಾದ ಲೇಖನವನ್ನು ‘ರೂತ್‌ಲೆಸ್‌ಲಿ’ ಕತ್ತರಿಸಿದರೆ, ಅದು ‘ನಿರ್ದಾಕ್ಷಿಣ್ಯವಾಗಿ’. ಸೈನಿಕರು ನಿರಾಯುಧ ಜನರನ್ನು ‘ರೂತ್‌ಲೆಸ್‌ಲಿ’ ಥಳಿಸಿದರೆ, ಅದು ‘ನಿರ್ದಯವಾಗಿ’. ಅವಸರದಲ್ಲಿ ಬರೆಯುವವರು ಎರಡನೆಯ ಕಡೆಯೂ ‘ನಿರ್ದಾಕ್ಷಿಣ್ಯವಾಗಿ’ ಎಂದು ಬರೆದುಬಿಡುವುದುಂಟು. ಆಗ ಕ್ರೌರ್ಯಕ್ಕೆ ಕರ್ತವ್ಯದ ವೇಷ ತೊಡಿಸಿದಂತಾಗುತ್ತದೆ. ಓದುವವನ ಮನಸ್ಸು ಪೆಟ್ಟು ತಿಂದವನ ಕಡೆಯಿಂದ ಕೊಟ್ಟವನ ಕಡೆಗೆ ಅರಿವಿಲ್ಲದೆ ಜಾರುತ್ತದೆ.

ಆದುದರಿಂದ ಆ ತಾಯಿಯು ಮಗನಿಗೆ ಅರ್ಥವನ್ನು ಹೇಳಿ ನಿಲ್ಲಿಸದೆ, ಪಾಠದಲ್ಲಿ ಯಾರು ಯಾರಿಗೆ ಏನು ಮಾಡಿದರೆಂಬುದನ್ನೂ ಕೇಳಬೇಕು. ದಾಕ್ಷಿಣ್ಯವನ್ನು ಬದಿಗಿಡುವುದು ಒಮ್ಮೊಮ್ಮೆ ಕರ್ತವ್ಯವಾಗಬಹುದು; ದಯೆಯನ್ನು ಬದಿಗಿಡುವುದು ಎಂದಿಗೂ ಕರ್ತವ್ಯವಾಗದು. ಇಷ್ಟನ್ನು ಹುಡುಗನು ತಿಳಿದರೆ, ಇಂಗ್ಲಿಷರು ಕಳೆದುಕೊಂಡ ‘ರೂತ್’ ನಮ್ಮ ಮನೆಯಲ್ಲಿ ಸಿಕ್ಕಿದಂತಾಯಿತು.