ಹಾಸಿಗೆಯ ಜೊತೆ ಕೈಗಳನ್ನೂ ಎಣಿಸಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ವಿಧಾನಸೌಧ, ಬೆಂಗಳೂರು



ಸರ್ಕಾರಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಹದಿನಾಲ್ಕು ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿದ್ದೇನೆ. ರೋಗಿಗಳ ಮನೆಯವರಿಗೆ ನಾನು ಸಿಸ್ಟರ್. ಹೊಸ ಐಸಿಯು ಉದ್ಘಾಟನೆಯಾದಾಗಲೆಲ್ಲ ಹಾಸಿಗೆ ಎಷ್ಟು, ವೆಂಟಿಲೇಟರ್ ಎಷ್ಟು ಎಂದು ಪತ್ರಿಕೆಯಲ್ಲಿ ಬರುತ್ತದೆ. ರಾತ್ರಿ ಹೊತ್ತು ಆ ಹಾಸಿಗೆಗಳ ಪಕ್ಕ ನಿಲ್ಲುವವರು ಎಷ್ಟು ಜನ ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಅದಕ್ಕಾಗಿ ಈ ಪತ್ರ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಎಂಟು ಹಾಸಿಗೆ, ಐದು ವೆಂಟಿಲೇಟರ್, ಡ್ಯೂಟಿಯಲ್ಲಿ ನಾವಿಬ್ಬರು. ಜೊತೆಯವಳು ಒಬ್ಬ ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ದಿದ್ದಳು. ಎರಡೂವರೆಯ ಹೊತ್ತಿಗೆ ಮೂರನೇ ಬೆಡ್ಡಿನ ಹುಡುಗನ ಟ್ಯೂಬಿನಲ್ಲಿ ಕಫ ಕಟ್ಟಿತು. ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದಿದ್ದವನು. ವೆಂಟಿಲೇಟರ್ ಬಿಡಿಸಿ, ಸಕ್ಷನ್ ಹಾಕಿ, ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಒತ್ತತೊಡಗಿದೆ. ಅಷ್ಟರಲ್ಲಿ ಆರನೇ ಬೆಡ್ಡಿನ ಸಿರಿಂಜ್ ಪಂಪ್ ಕೂಗತೊಡಗಿತು. ಅಲ್ಲಿದ್ದ ಅಜ್ಜಿಯ ಬಿಪಿ ನಿಂತಿದ್ದೇ ಆ ಸಿರಿಂಜಿನ ನಾರ್‌ಅಡ್ರಿನಲಿನ್ ಮೇಲೆ. ಅದು ಮುಗಿಯುತ್ತಾ ಬಂದಿತ್ತು. ಕೈ ಬಿಟ್ಟರೆ ಹುಡುಗನ ಉಸಿರು ಹೋಗುತ್ತದೆ, ಬಿಡದಿದ್ದರೆ ಅಜ್ಜಿ ಉಳಿಯುವುದಿಲ್ಲ. ಡ್ಯೂಟಿ ಡಾಕ್ಟರು ಕೆಳಗಿನ ಕ್ಯಾಶುವಾಲ್ಟಿಯಿಂದ ಓಡಿಬರುವಷ್ಟರಲ್ಲಿ ಅಜ್ಜಿಯ ಮೇಲಿನ ಬಿಪಿ ಐವತ್ತಕ್ಕೆ ಇಳಿದಿತ್ತು. ಇಬ್ಬರೂ ಬದುಕಿದರು. ಆದರೆ ಬೆಳಿಗ್ಗೆ ರಿಜಿಸ್ಟರಿನಲ್ಲಿ ಆ ನಾಲ್ಕು ನಿಮಿಷಗಳನ್ನು ಬರೆಯಲು ಒಂದು ಕಾಲಂ ಕೂಡ ಇರಲಿಲ್ಲ.

ಐಸಿಯು ಹುಟ್ಟಿದ್ದೇ ಹೀಗೆ ಬ್ಯಾಗ್ ಒತ್ತಿದ ಕೈಗಳಿಂದ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಉಸಿರಾಡಲಾಗದ ರೋಗಿಗಳು ಒಬ್ಬರ ಹಿಂದೊಬ್ಬರು ಬಂದರು, ಯಂತ್ರಗಳು ಸಾಲಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ದಾರಿ ತೋರಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಕೂತು ರಬ್ಬರ್ ಚೀಲ ಒತ್ತಿದರು. ಸಾವುಗಳು ಇಳಿದವು. ಮರುವರ್ಷ ಇಬ್ಸೆನ್ ಅದೇ ನಗರದಲ್ಲಿ ತೀವ್ರ ನಿಗಾ ಘಟಕ ತೆರೆದರು.

ಇಂದು ಆ ಕೈಗಳ ಬದಲು ವೆಂಟಿಲೇಟರ್ ಗಾಳಿ ಕೊಡುತ್ತದೆ, ಅಷ್ಟೇ. ಉಳಿದದ್ದು ನರ್ಸ್ ಕೈಯ ಕೆಲಸ. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತಿಟ್ಟು, ಬಾಯಿ ಶುಚಿ ಮಾಡಿ ನ್ಯುಮೋನಿಯಾ ತಡೆಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳಬೇಕು. ಗಂಟೆಗೊಮ್ಮೆ ಮೂತ್ರ ಅಳೆಯಬೇಕು. ಮಾತಾಡಲಾಗದವರ ಹುಬ್ಬು ಗಂಟಿಕ್ಕಿದ್ದನ್ನು ಕಂಡು ನೋವೆಂದು ತಿಳಿಯಬೇಕು. ಈ ಕೆಲಸ ಚೆನ್ನಾಗಿ ಆದರೆ ರೋಗಿಗೆ ಏನೂ ಕೇಡಾಗುವುದಿಲ್ಲ. ಕೇಡಾಗದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಐಸಿಯುನಲ್ಲಿ ಪ್ರತಿ ಪಾಳಿಗೂ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು, ರಜೆಗೆಂದು ಮೇಲೆ ಶೇ. 30ರಷ್ಟು ಜನ ಬೇಕು. ಹತ್ತು ಹಾಸಿಗೆಗೆ ಮೂರು ಪಾಳಿ ಸೇರಿ ಮೂವತ್ತು, ರಜೆಯ ಲೆಕ್ಕ ಸೇರಿದರೆ ಮೂವತ್ತೊಂಬತ್ತು ಜನ. ಈ ಸಂಖ್ಯೆ ದೊಡ್ಡದೆನಿಸಬಹುದು. ಜೀವದ ಲೆಕ್ಕದಲ್ಲಿ ಅದು ದೊಡ್ಡದಲ್ಲ.

ನನ್ನ ಕೋರಿಕೆ ಮೂರು. ಐಸಿಯು ಹಾಸಿಗೆ ಮಂಜೂರು ಮಾಡುವ ಆದೇಶದಲ್ಲೇ ನರ್ಸ್ ಹುದ್ದೆಗಳೂ ಮಂಜೂರಾಗಲಿ. ಆ ಹುದ್ದೆಗಳು ಕಾಯಂ ಆಗಿರಲಿ. ಗುತ್ತಿಗೆಯ ಮೇಲೆ ಬಂದ ಹುಡುಗಿಯರು ವೆಂಟಿಲೇಟರ್ ನೋಡಿಕೊಳ್ಳಲು ಕಲಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ, ಇಲ್ಲವೇ ವಿದೇಶದ ವೀಸಾ ಬಂದಿರುತ್ತದೆ. ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ನಮ್ಮ ದೇಶದಲ್ಲೇ ಇದೆ. ಅದನ್ನು ಓದಿದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ತಕ್ಕ ಹುದ್ದೆ ಸೃಷ್ಟಿಸಿ.

ಮಾನ್ಯರೇ, ನಮ್ಮ ಐಸಿಯು ಬಾಗಿಲಾಚೆ ರಾತ್ರಿಯಿಡೀ ಮನೆಯವರು ಚಾಪೆ ಹಾಸಿಕೊಂಡು ಮಲಗಿರುತ್ತಾರೆ. ನಿದ್ದೆ ಯಾರಿಗೂ ಇರುವುದಿಲ್ಲ. ಬಾಗಿಲು ತೆರೆದರೆ ಸಾಕು, ಎದ್ದು ಕೂತು ಕೇಳುತ್ತಾರೆ: "ಸಿಸ್ಟರ್, ಒಳಗೆ ನಮ್ಮೋರ ಹತ್ರ ಯಾರಾದ್ರೂ ಇದೀರಾ?" "ಇದೀವಮ್ಮ, ಮಲ್ಕೊಳ್ಳಿ" ಎನ್ನುತ್ತೇನೆ. ಎಷ್ಟೋ ರಾತ್ರಿ ಅದು ಅರ್ಧ ಸುಳ್ಳು. ಅದು ಪೂರ್ತಿ ನಿಜವಾಗುವಂತೆ ಮಾಡಿ. ಅಷ್ಟು ಅಧಿಕಾರ ತಮ್ಮ ಕೈಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಐಸಿಯು ಸಿಸ್ಟರ್