ಕಚೇರಿಯೋ, ಪಕ್ಷವೋ: ನಿಜಲಿಂಗಪ್ಪನವರ ಕಾಲದಿಂದ ಇಂದಿನವರೆಗೆ

ರಾಜ್ಯವನ್ನು ನಿಜವಾಗಿ ಆಳುವವರು ಯಾರು? ಮುಖ್ಯಮಂತ್ರಿಗಳ ಕಚೇರಿಯೋ, ಪಕ್ಷದ ಕಚೇರಿಯೋ, ದೆಹಲಿಯ ವರಿಷ್ಠರೋ? ಎಮ್ಮೆದೊಡ್ಡಿ ಭಾಗದ ಸದ್ಭಕ್ತರು ವಾರ್ತೆಗಳನ್ನು ಓದಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. 2023ರ ಮೇ 20ರಂದು ಶ್ರೀ ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾಗಿಯೂ ಶ್ರೀ ಡಿ.ಕೆ. ಶಿವಕುಮಾರ್ ಅವರು ಉಪಮುಖ್ಯಮಂತ್ರಿಗಳಾಗಿಯೂ ಪ್ರಮಾಣವಚನ ಸ್ವೀಕರಿಸಿದರು. ಪಕ್ಷದ ರಾಜ್ಯಾಧ್ಯಕ್ಷ ಸ್ಥಾನವೂ ಶಿವಕುಮಾರ್ ಅವರಲ್ಲಿಯೇ ಉಳಿಯಿತು. 2025ರ ನವೆಂಬರ್‌ನಲ್ಲಿ ಸರ್ಕಾರ ಎರಡೂವರೆ ವರ್ಷ ಪೂರೈಸುವ ಹೊತ್ತಿಗೆ ನಾಯಕತ್ವ ಬದಲಾವಣೆಯ ಮಾತು ಎಷ್ಟು ಬಲವಾಯಿತೆಂದರೆ, ಉಭಯ ನಾಯಕರೂ ಪರಸ್ಪರರ ಮನೆಯಲ್ಲಿ ಉಪಾಹಾರ ಸ್ವೀಕರಿಸಿ ಒಗ್ಗಟ್ಟನ್ನು ತೋರಿಸಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದ ಶ್ರೀ ಮಲ್ಲಿಕಾರ್ಜುನ ಖರ್ಗೆಯವರು ಈ ವಿಷಯ ಹೈಕಮಾಂಡಿಗೆ ಬಿಟ್ಟದ್ದೆಂದು ಹೇಳಿದ್ದರು. ಅಧ್ಯಕ್ಷರೇ ಹೈಕಮಾಂಡ್ ಅಲ್ಲದಿದ್ದರೆ ಮತ್ತಾರು ಎಂದು ವಿರೋಧಿಗಳು ನಕ್ಕರು. ನಕ್ಕು ಮರೆಯುವ ಮಾತು ಅದಲ್ಲ. ಅದರ ಹಿಂದೆ ಅರ್ಧ ಶತಮಾನ ಮೀರಿದ ಇತಿಹಾಸವಿದೆ. ಆ ಇತಿಹಾಸದ ನಡುಮಧ್ಯದಲ್ಲಿ ಖರ್ಗೆಯವರಿಗೆ ಮೊದಲು ಅದೇ ಪೀಠದಲ್ಲಿ ಕುಳಿತಿದ್ದ ಕನ್ನಡಿಗರೊಬ್ಬರು ನಿಂತಿದ್ದಾರೆ. ಅವರೇ ಎಸ್. ನಿಜಲಿಂಗಪ್ಪನವರು.

ಸರ್ಕಾರಕ್ಕೂ ಪಕ್ಷಕ್ಕೂ ನಡುವಣ ತಿಕ್ಕಾಟ ಸ್ವಾತಂತ್ರ್ಯದ ಜೊತೆಗೇ ಹುಟ್ಟಿತು. ಸರ್ಕಾರ ಪಕ್ಷವನ್ನು ಸಮಾಲೋಚಿಸುತ್ತಿಲ್ಲವೆಂಬ ಅಸಮಾಧಾನದಿಂದ ಆಚಾರ್ಯ ಕೃಪಲಾನಿಯವರು 1947ರ ನವೆಂಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನವನ್ನು ತ್ಯಜಿಸಿದರು. 1951ರಲ್ಲಿ ಪುರುಷೋತ್ತಮದಾಸ್ ಟಂಡನ್ನರು ನೆಹರೂ ಅವರೊಡನೆ ಹೊಂದಾಣಿಕೆಯಾಗದೆ ರಾಜೀನಾಮೆ ನೀಡಿದಾಗ ನೆಹರೂ ಅವರೇ ಅಧ್ಯಕ್ಷರಾದರು. ಎರಡು ಕಡೆಯ ವಾದಕ್ಕೂ ತೂಕವಿತ್ತು. ಸರ್ಕಾರ ಉತ್ತರಿಸಬೇಕಾದುದು ಸಂಸತ್ತಿಗೆ, ಆದ್ದರಿಂದ ಪಕ್ಷದ ಅಪ್ಪಣೆಗಾಗಿ ಕಾಯಲಾಗದು ಎಂಬುದು ಒಂದು ವಾದ. ಪಕ್ಷದ ಹೆಸರಿನಲ್ಲಿ ಮತ ಪಡೆದವರು ಪಕ್ಷವನ್ನು ಕೇಳದೆ ನಡೆಯಲಾಗದು ಎಂಬುದು ಇನ್ನೊಂದು.

ಈ ಹಳೆಯ ತಿಕ್ಕಾಟಕ್ಕೆ ಅರುವತ್ತರ ದಶಕದಲ್ಲಿ ಹೊಸದೊಂದು ಶಕ್ತಿ ಸೇರಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರ ಕಾಲದಲ್ಲಿ ಪ್ರಧಾನಮಂತ್ರಿಗಳ ಸಚಿವಾಲಯ ಬಲಗೊಂಡಿತು. 1967ರಲ್ಲಿ ಪಿ.ಎನ್. ಹಕ್ಸರ್ ಅವರು ಇಂದಿರಾ ಗಾಂಧಿಯವರ ಕಾರ್ಯದರ್ಶಿಯಾಗಿ ಅಲ್ಲಿಗೆ ಬಂದರು. ಅವರು ಯಾರ ಮತವನ್ನೂ ಕೇಳಿ ಬಂದವರಲ್ಲ. ವಿದ್ವಾಂಸರು, ದಕ್ಷ ಅಧಿಕಾರಿಗಳು. ಪ್ರಧಾನಿಯ ಮೇಜಿಗೆ ಯಾವ ಕಡತ ಯಾವಾಗ ಬರಬೇಕು, ಯಾವ ಭಾಷಣ ಯಾವ ಧಾಟಿಯಲ್ಲಿರಬೇಕು ಎಂಬುದನ್ನು ನೋಡಿಕೊಳ್ಳುವವರಿಗೆ ಸಹಜವಾಗಿಯೇ ಅಪಾರ ಬಲ ಕೂಡಿಬರುತ್ತದೆ. ಆ ಬಲಕ್ಕೆ ಮೂಲ ಸಾಮೀಪ್ಯ.

ಎದುರಿಗಿದ್ದ ನಿಜಲಿಂಗಪ್ಪನವರ ಬಲದ ಮೂಲ ಬೇರೆ. ಅವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, ಏಕೀಕರಣಕ್ಕಾಗಿ ದುಡಿದವರು, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದವರು. ಜಿಲ್ಲೆ ಜಿಲ್ಲೆಯ ಕಾರ್ಯಕರ್ತರನ್ನು ಬಲ್ಲ ಹಿರಿಯರಾಗಿ 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು.

1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಅಲ್ಲಿಗೆ ಪ್ರಧಾನಿಯವರು ಬ್ಯಾಂಕುಗಳ ರಾಷ್ಟ್ರೀಕರಣವೇ ಮೊದಲಾದ ವಿಚಾರಗಳ ಟಿಪ್ಪಣಿಯೊಂದನ್ನು ಕಳುಹಿಸಿದರು. ಪಕ್ಷದ ಸಂಸದೀಯ ಮಂಡಳಿಯು ರಾಷ್ಟ್ರಪತಿ ಸ್ಥಾನಕ್ಕೆ ಪ್ರಧಾನಿಯವರ ಇಚ್ಛೆಯನ್ನು ಬದಿಗಿಟ್ಟು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ನಾಲ್ಕೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳೂ ಅವುಗಳಲ್ಲಿದ್ದವು. ಈ ನಿರ್ಧಾರವನ್ನು ರೂಪಿಸಿದವರಲ್ಲಿ ಹಕ್ಸರ್ ಪ್ರಮುಖರು. ಆಗಸ್ಟ್‌ನಲ್ಲಿ ‘ಆತ್ಮಸಾಕ್ಷಿಯ ಮತ’ದ ಕರೆಯೊಂದಿಗೆ ವಿ.ವಿ. ಗಿರಿಯವರು ಗೆದ್ದರು, ಪಕ್ಷದ ಅಧಿಕೃತ ಅಭ್ಯರ್ಥಿ ಸೋತರು. ನವೆಂಬರ್ 1ರಂದು ದೆಹಲಿಯಲ್ಲಿ ಒಂದೇ ಪಕ್ಷದ ಎರಡು ಕಾರ್ಯಕಾರಿ ಸಮಿತಿ ಸಭೆಗಳು ನಡೆದವು: ಒಂದು ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯವರ ನಿವಾಸದಲ್ಲಿ. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಸಮಿತಿ ಪ್ರಧಾನಿಯವರನ್ನೇ ಪಕ್ಷದಿಂದ ಉಚ್ಚಾಟಿಸಿತು. ಪಕ್ಷ ಒಡೆಯಿತು.

ಜನರ ತೀರ್ಪು 1971ರಲ್ಲಿ ಬಂತು. ಇಂದಿರಾ ಕಾಂಗ್ರೆಸ್ ಲೋಕಸಭೆಯಲ್ಲಿ 352 ಸ್ಥಾನ ಪಡೆಯಿತು, ಸಂಸ್ಥಾ ಕಾಂಗ್ರೆಸ್ 16ಕ್ಕೆ ಇಳಿಯಿತು. ನಿಜಲಿಂಗಪ್ಪನವರ ತವರಾದ ಮೈಸೂರು ರಾಜ್ಯದಲ್ಲಿಯೇ ಇದ್ದ 27 ಸ್ಥಾನಗಳೂ ಇಂದಿರಾ ಪಕ್ಷದ ಪಾಲಾದವು. ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು.

ಇದನ್ನು ಸಜ್ಜನರ ಸೋಲು, ದುರ್ಜನರ ಗೆಲುವು ಎಂದು ಬಣ್ಣಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಅಂದಿನ ಪಕ್ಷದ ಸಂಘಟನೆಯೂ ಕೆಲವೇ ಹಿರಿಯರ ಹಿಡಿತದಲ್ಲಿತ್ತು. ಪಕ್ಷದ ಅಭ್ಯರ್ಥಿಗಾಗಿ ಅವರು ವಿರೋಧ ಪಕ್ಷಗಳ ಮೊರೆ ಹೋದದ್ದು ಅನೇಕರಿಗೆ ಸರಿಕಾಣಲಿಲ್ಲ. ರಾಷ್ಟ್ರೀಕರಣದ ನಂತರ ಬ್ಯಾಂಕಿನ ಶಾಖೆಗಳು ಹಳ್ಳಿಗಳತ್ತ ಬಂದವು. 1972ರಲ್ಲಿ ಮುಖ್ಯಮಂತ್ರಿಗಳಾದ ದೇವರಾಜ ಅರಸರು ಭೂಸುಧಾರಣೆಯನ್ನು ತಂದರು. ಬಡವನ ಹೊಲಕ್ಕೆ ಪಟ್ಟೆ ದೊರೆತದ್ದು ಸಣ್ಣ ಸಂಗತಿಯಲ್ಲ.

ಹಾಗಾದರೆ ಕಳೆದುಹೋದದ್ದು ಯಾವುದು? ನಮ್ಮ ಅಭಿಪ್ರಾಯದಲ್ಲಿ, ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ. ಆ ಕಾಲದವರೆಗೆ ಪಕ್ಷದ ತಾಲ್ಲೂಕು, ಜಿಲ್ಲಾ, ರಾಜ್ಯ ಸಮಿತಿಗಳಿಗೆ ಒಳಗಿನ ಚುನಾವಣೆಗಳು ನಡೆಯುತ್ತಿದ್ದವು. 1972ರ ನಂತರ ಸುಮಾರು ಇಪ್ಪತ್ತು ವರ್ಷ ಅವು ನಿಂತುಹೋದವು. ಅಧ್ಯಕ್ಷರು ಆಯ್ಕೆಯಾಗುವ ಬದಲು ನೇಮಕಗೊಳ್ಳತೊಡಗಿದರು. ‘ಹೈಕಮಾಂಡ್’ ಎಂಬ ಪದ ನಮ್ಮ ಹಳ್ಳಿಯ ಕಟ್ಟೆಯ ಮೇಲೂ ಮನೆಮಾತಾಯಿತು.

ದಾರಿ ಮುಚ್ಚಿದ ಮೇಲೆ ಅದರ ಫಲವನ್ನು ಎಲ್ಲರೂ ಉಂಡರು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ನಮ್ಮ ಚಿಕ್ಕಮಗಳೂರಿನಿಂದಲೇ ಲೋಕಸಭೆಗೆ ಆರಿಸಿಬಂದರು. ಅಂದು ಅವರ ಎದುರು ನಿಂತವರು ವೀರೇಂದ್ರ ಪಾಟೀಲರು, ಬೆಂಬಲಕ್ಕೆ ನಿಂತವರು ದೇವರಾಜ ಅರಸರು. ಮರುವರ್ಷವೇ ಅರಸರು ಮುಖ್ಯಮಂತ್ರಿ ಸ್ಥಾನ ಮತ್ತು ರಾಜ್ಯಾಧ್ಯಕ್ಷ ಸ್ಥಾನಗಳೆರಡನ್ನೂ ಹಿಡಿದಿರುವ ಪ್ರಶ್ನೆ ಎದ್ದು, ಪಕ್ಷದಿಂದ ಉಚ್ಚಾಟಿತರಾದರು. ಪಾಟೀಲರು ಕಾಲಾನಂತರ ಅದೇ ಪಕ್ಷಕ್ಕೆ ಮರಳಿ, 1989ರಲ್ಲಿ ರಾಜ್ಯಾಧ್ಯಕ್ಷರಾಗಿ 224ರಲ್ಲಿ 178 ಸ್ಥಾನ ಗೆಲ್ಲಿಸಿ ಮುಖ್ಯಮಂತ್ರಿಗಳಾದರು. 1990ರ ಅಕ್ಟೋಬರ್‌ನಲ್ಲಿ ಅವರು ಅಸ್ವಸ್ಥರಾಗಿದ್ದಾಗ, ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆಯನ್ನು ಪ್ರಕಟಿಸಿದರು. ಅವರ ಸ್ಥಾನಕ್ಕೆ ಬಂದ ಬಂಗಾರಪ್ಪನವರೂ 1992ರಲ್ಲಿ ಅದೇ ಬಗೆಯಲ್ಲಿ ಇಳಿಯಬೇಕಾಯಿತು. 1994ರಲ್ಲಿ ಪಕ್ಷ 34 ಸ್ಥಾನಗಳಿಗೆ ಕುಸಿಯಿತು.

ವೀರೇಂದ್ರ ಪಾಟೀಲರ ಪದಚ್ಯುತಿಯನ್ನು ನಮ್ಮ ಸಮಾಜದ ಹಿರಿಯರು ಇಂದಿಗೂ ನೋವಿನಿಂದ ನೆನೆಯುತ್ತಾರೆ. ಆ ನೋವು ಸಹಜ. ಆದರೆ ಪಟ್ಟಿಯನ್ನು ಮತ್ತೊಮ್ಮೆ ನೋಡೋಣ. ಅರಸರು ನಮ್ಮ ಸಮಾಜದವರಲ್ಲ, ಬಂಗಾರಪ್ಪನವರೂ ಅಲ್ಲ. 2021ರ ಜುಲೈ 26ರಂದು ಶ್ರೀ ಯಡಿಯೂರಪ್ಪನವರು ಕಣ್ಣೀರಿನೊಂದಿಗೆ ರಾಜೀನಾಮೆ ನೀಡಿದಾಗ ಪಕ್ಷ ಬೇರೆಯಾಗಿತ್ತು, ಅವರ ನಂತರ ಬಂದ ಬಸವರಾಜ ಬೊಮ್ಮಾಯಿಯವರು ಇದೇ ಸಮಾಜದವರು. ವಿವಿಧ ಜಾತಿಗಳ ನಾಯಕರಿಗೆ, ಎರಡು ಪಕ್ಷಗಳಲ್ಲಿ, ಒಂದೇ ಬಗೆಯ ಅನುಭವವಾಗಿದ್ದರೆ ಕಾರಣವನ್ನು ಜಾತಿಯಲ್ಲಿ ಅಲ್ಲ, ವ್ಯವಸ್ಥೆಯಲ್ಲಿ ಹುಡುಕಬೇಕು. ಮೇಲಿನಿಂದ ಬಂದ ಒಂದು ಮಾತಿಗೆ ಇಳಿಯದೆ ನಿಲ್ಲಲು ಬೇಕಾದ ನೆಲ, ಅಂದರೆ ಜೀವಂತವಾದ ಪಕ್ಷದ ಶಾಖೆಗಳು, ಅವರಾರ ಕಾಲಡಿಯಲ್ಲಿಯೂ ಉಳಿದಿರಲಿಲ್ಲ.

2021ರ ಆ ದಿನಗಳಲ್ಲಿ ಅನೇಕ ಮಠಾಧೀಶರು ಬಹಿರಂಗವಾಗಿ ಮುಖ್ಯಮಂತ್ರಿಗಳ ಬೆಂಬಲಕ್ಕೆ ನಿಂತರು, ಬೆಂಗಳೂರಿನಲ್ಲಿ ಸಭೆಯೂ ಸೇರಿತು. ತೀರ್ಮಾನ ಬದಲಾಗಲಿಲ್ಲ. ಸತ್ತ ಶಾಖೆಯ ಜಾಗವನ್ನು ಮಠ ತುಂಬಲಾರದು; ತುಂಬಲು ಹೊರಟರೆ ಮಠವೂ ಮತ್ತೊಂದು ಒತ್ತಡದ ಕಚೇರಿಯಾಗುತ್ತದೆ. ನಮ್ಮ ಪರಂಪರೆ ಈ ವಿಷಯದಲ್ಲಿ ದಾರಿ ತೋರಿಸಿದೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು ಬಸವಣ್ಣನವರು. ಆದರೆ ಅನುಭವ ಮಂಟಪದ ಶೂನ್ಯಸಿಂಹಾಸನವನ್ನೇರಿದವರು ಅಲ್ಲಮಪ್ರಭುಗಳೆಂದು ನಾವು ನಂಬಿದ್ದೇವೆ. ರಾಜ್ಯದ ಮುದ್ರೆ ಒಬ್ಬರ ಕೈಯಲ್ಲಿ, ಗೋಷ್ಠಿಯ ಅಧ್ಯಕ್ಷತೆ ಇನ್ನೊಬ್ಬರ ಕೈಯಲ್ಲಿ. ಅಧಿಕಾರವುಳ್ಳವನನ್ನು ಪ್ರಶ್ನಿಸುವ ಪೀಠ ಅವನದೇ ಆಗಿರಬಾರದೆಂಬ ವಿವೇಕ ಅಲ್ಲಿದೆ.

ಇದು ಎಮ್ಮೆದೊಡ್ಡಿಯ ರೈತನಿಗೆ ಏಕೆ ಬೇಕು? ಮದಗದಕೆರೆಯ ತೂಬಿನ ಬಳಿ ನಿಂತು ನೋಡಿದರೆ ತಿಳಿಯುತ್ತದೆ. ಕೆರೆ ತುಂಬಿದ್ದರೂ ಕಾಲುವೆ ಹೂತಿದ್ದರೆ ಕಡೆಯ ಗದ್ದೆ ಒಣಗುತ್ತದೆ. ಇಂದು ಮುಖ್ಯಮಂತ್ರಿಗಳ ಸುತ್ತ ರಾಜಕೀಯ ಕಾರ್ಯದರ್ಶಿಗಳು, ಸಂಪುಟ ದರ್ಜೆಯ ಸಲಹೆಗಾರರು ಇದ್ದಾರೆ. ಗ್ಯಾರಂಟಿ ಯೋಜನೆಗಳ ಅನುಷ್ಠಾನಕ್ಕಾಗಿ ರಾಜ್ಯದಿಂದ ತಾಲ್ಲೂಕಿನವರೆಗೆ ಪಕ್ಷದ ಕಾರ್ಯಕರ್ತರ ಸಮಿತಿಗಳು ರಚನೆಯಾಗಿವೆ. ಸರ್ಕಾರದ ಹಣದಲ್ಲಿ ಪಕ್ಷದವರಿಗೇಕೆ ಗೌರವಧನ ಎಂಬ ಪ್ರಶ್ನೆ 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಗದ್ದಲಕ್ಕೆ ಕಾರಣವಾಯಿತು. ಇವೆಲ್ಲ ಮೇಲಿನ ನಿರ್ಧಾರವನ್ನು ಕೆಳಗೆ ಹರಿಸುವ ಕಾಲುವೆಗಳು. ಬಗರ್‌ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿರುವವನ ಮಾತನ್ನು ಮೇಲಕ್ಕೆ ಒಯ್ಯುವುದು ಮಾತ್ರ ಬೇರೆಯ ಕೆಲಸ. ಸರ್ಕಾರದ ಸಂಬಳ ಪಡೆವವನು ಸರ್ಕಾರಕ್ಕೆ ಅಪ್ರಿಯವಾದುದನ್ನು ಹೇಳಲು ಹಿಂಜರಿಯುತ್ತಾನೆ. ಅಪ್ರಿಯವನ್ನು ಹೇಳಬಲ್ಲವನು ತನ್ನ ಊರಿನವರಿಂದ ಆಯ್ಕೆಯಾದ, ಅವರಿಗೇ ಉತ್ತರಿಸಬೇಕಾದ ಕಾರ್ಯಕರ್ತ.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಮುಖ್ಯಮಂತ್ರಿಗಳ ಪರವೋ, ರಾಜ್ಯಾಧ್ಯಕ್ಷರ ಪರವೋ, ನಮ್ಮವರೋ, ಪರರೋ ಎಂಬ ಚರ್ಚೆಯಲ್ಲಿ ಕಾಲ ಕಳೆಯದಿರಿ. ನೀವು ಯಾವ ಪಕ್ಷದಲ್ಲಿದ್ದರೂ ಆ ಪಕ್ಷದ ತಾಲ್ಲೂಕು ಸಮಿತಿ ಕೊನೆಯ ಬಾರಿ ಯಾವಾಗ ಸೇರಿತು, ಅದರ ಅಧ್ಯಕ್ಷರನ್ನು ಯಾರು ಆರಿಸಿದರು, ನಿಮ್ಮ ಊರಿನ ಯಾವ ಮಾತು ಅಲ್ಲಿ ದಾಖಲಾಯಿತು ಎಂದು ಕೇಳಿರಿ. ಉತ್ತರ ದೊರೆಯದಿದ್ದರೆ ಮತ್ತೆ ಕೇಳಿರಿ. ದೆಹಲಿಯಲ್ಲಿ ಯಾರು ಗೆಲ್ಲುವರೆಂಬುದು ನಮ್ಮ ಕೈಯಲ್ಲಿಲ್ಲ. ನಮ್ಮೂರಿನ ಕಾಲುವೆಯ ಹೂಳೆತ್ತುವುದು ನಮ್ಮ ಕೈಯಲ್ಲಿಯೇ ಇದೆ.