ಇಂಜಿನ್ನಿಗೆ ಪೂಜೆ, ಟ್ರಾಲಿಗೆ ತುಕ್ಕು

ಮಹಾನವಮಿ ದಿನ ನಮ್ಮ ಊರುಗಳಲ್ಲಿ ಟ್ರ್ಯಾಕ್ಟರ್ ನೋಡಬೇಕು. ಇಂಜಿನ್ನಿಗೆ ಚೆಂಡು ಹೂವಿನ ಹಾರ, ಗಾಲಿ ಕೆಳಗೆ ನಿಂಬೆಹಣ್ಣು. ಹಿಂದಿನ ಟ್ರಾಲಿಗೆ ಹೆಚ್ಚೆಂದರೆ ಒಂದು ಕುಂಕುಮದ ಬೊಟ್ಟು. ವರ್ಷವಿಡೀ ಕಥೆ ಇಷ್ಟೇ: ಇಂಜಿನ್ನಿಗೆ ಆಯಿಲ್, ಸರ್ವಿಸ್, ಸೌಂಡ್ ಬಾಕ್ಸ್, ಟ್ರಾಲಿಗೆ ತುಕ್ಕು.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರದ ಹೊಲಗಳಿಗೆ ಭತ್ತ, ಹತ್ತಿ, ಮೆಣಸಿನಕಾಯಿ ತಂದಿತು. ಸುಗ್ಗಿಯಲ್ಲಿ ಆ ಮಾಲು ಹೋಗುವುದು ಟ್ರಾಲಿಯಲ್ಲೇ. ಬೆಳಿಗ್ಗೆ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳೂ ಅದರಲ್ಲೇ, ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ ಜಾತ್ರೆಗೆ ಹೊರಟ ಮಂದಿಯೂ ಅದರಲ್ಲೇ. ಅಪಘಾತವಾದಾಗ ಮಾತ್ರ ಎಲ್ಲರೂ ಡ್ರೈವರನ್ನು ಬೈಯುತ್ತಾರೆ. ಟ್ರಾಲಿ ಹೇಗಿತ್ತು ಅಂತ ಕೇಳುವವರು ಕಡಿಮೆ.

ರಜೆಯಲ್ಲಿ ಊರಿಗೆ ಹೋದಾಗ ಕೇಳಿದೆವು: "ಕಾಕಾ, ಹಿಂದ ಬ್ರೇಕ್ ಇಲ್ಲೇನ್ರಿ?" ಕಾಕಾ ನಕ್ಕರು. "ಟ್ರಾಲಿಗ್ಯಾಕಪಾ ಬ್ರೇಕು? ಇಂಜಿನ್ ನಿಂತ್ರ ಅದೂ ನಿಂದರ್ತದ."

ನಿಲ್ಲೋದಿಲ್ಲ, ಅದೇ ತೊಂದರೆ. ಎರಡು ಟನ್ನಿನ ಟ್ರ್ಯಾಕ್ಟರ್ ಹಿಂದೆ ಐದು ಟನ್ ಭತ್ತ ಇದ್ದರೆ, ಬ್ರೇಕ್ ಒತ್ತಿದಾಗ ಹಿಂದಿನ ಭಾರ ಮುಂದಿನದನ್ನು ನೂಕುತ್ತದೆ. ಇಳಿಜಾರಿನ ತಿರುವಿನಲ್ಲಿ ಇಂಜಿನ್ ಅಡ್ಡ ತಿರುಗಿ, ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ವೇಗ 20 ಕಿ.ಮೀ.ನಿಂದ 40ಕ್ಕೆ ಏರಿದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಇದನ್ನು ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದವರು ನಾವು. ಮನೆಯಲ್ಲಿ ಒಮ್ಮೆಯೂ ಹೇಳಿಲ್ಲ.

ಹೇಳಬೇಕಾದ್ದು ಕಷ್ಟದ್ದೇನೂ ಅಲ್ಲ. ಹೊಲದಲ್ಲಿ ಗಕ್ಕನೆ ತಿರುಗಲಿ ಅಂತ ಟ್ರ್ಯಾಕ್ಟರಿನ ಎಡ, ಬಲ ಗಾಲಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ರಸ್ತೆಗೆ ಬರುವ ಮುಂಚೆ ಅವೆರಡನ್ನೂ ಲಾಕ್ ಹಾಕಿ ಜೋಡಿಸಬೇಕು. ಜೋಡಿಸದೆ ಒಂದನ್ನೇ ತುಳಿದರೆ ಗಾಡಿ ಒಂದು ಕಡೆ ಎಳೆದು ಪಲ್ಟಿಯಾಗಬಹುದು. ಇಳಿಜಾರಿಗೆ ಮೊದಲೇ ಸಣ್ಣ ಗೇರ್ ಹಾಕಬೇಕು. ಡೀಸೆಲ್ ಉಳೀತದ ಅಂತ ನ್ಯೂಟ್ರಲ್ ಮಾಡಬಾರದು. ಟ್ರಾಲಿ ಜೋಡಿಸುವ ಪಿನ್ನಿಗೆ ಲಾಕ್ ಇರಬೇಕು, ತಂತಿ ಸುತ್ತಿದರೆ ಸಾಲದು. ಜೊತೆಗೊಂದು ಸರಪಳಿಯೂ ಇರಲಿ. ಭಾರವೆಲ್ಲ ಹಿಂದಕ್ಕೆ ಸರಿದರೆ ಟ್ರಾಲಿ ಬಾಲದಂತೆ ಓಲಾಡುತ್ತದೆ.

ರಾತ್ರಿಯ ಮಾತು ಇನ್ನೂ ಕಠಿಣ. ಹತ್ತಿ ಎರಡೂ ಕಡೆ ಉಬ್ಬಿದರೆ ಇದ್ದ ಲೈಟೂ ಮುಚ್ಚಿಹೋಗುತ್ತದೆ. ಬೀದರ್-ಶ್ರೀರಂಗಪಟ್ಟಣ ಹೆದ್ದಾರಿಯಲ್ಲಿ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ, ಮುಂದೆ ಕತ್ತಲಲ್ಲಿ ಹೊರಟ ಟ್ರಾಲಿ ಬೈಕ್ ಸವಾರನಿಗೆ ಕಾಣುವುದೇ ಇಲ್ಲ. ಪಂಕ್ಚರ್ ಆದರೆ ಸುತ್ತ ಕಲ್ಲು ಇಡುತ್ತೇವೆ, ಹೋಗುವಾಗ ಎತ್ತುವುದಿಲ್ಲ. ಮುಂದೆ ಬರುವವನಿಗೆ ಆ ಕಲ್ಲೇ ಯಮ. ಹಿಂದೆ ಮತ್ತು ಎರಡೂ ಬದಿಗೆ ಹೊಳೆಯುವ ಪಟ್ಟಿ ಅಂಟಿಸಲು ಸೌಂಡ್ ಬಾಕ್ಸಿನಷ್ಟು ಖರ್ಚಿಲ್ಲ.

ಇನ್ನು ಮಂದಿ ಸಾಗಿಸುವುದು. ಟ್ರಾಲಿ ಮಾಲಿಗೆ ಇರುವುದು, ಜನರನ್ನು ಕೂಡಿಸುವುದು ಕಾನೂನಿಗೆ ವಿರುದ್ಧ. ಆದರೆ ನಸುಕಿನಲ್ಲಿ ಹೊಲಕ್ಕೆ ಬಸ್ಸಿಲ್ಲ. ಕೂಲಿಯ ತಾಯಂದಿರಿಗೆ "ಹತ್ತಬ್ಯಾಡ್ರಿ" ಅಂತ ಬುದ್ಧಿ ಹೇಳಿದರೆ ಅವರ ಆ ದಿನದ ಕೂಲಿ ಯಾರು ಕೊಡುತ್ತಾರೆ? ಕರೆದೊಯ್ಯುವವರೇ ಸೀಟಿರುವ ಗಾಡಿ ಮಾಡಬೇಕು, ಬಾಡಿಗೆಯನ್ನು ಕೂಲಿಯಲ್ಲಿ ಮುರಿಯಬಾರದು. ಜಾತ್ರೆಗೆ ಹೆಚ್ಚು ಬಸ್ ಬಿಡಿ ಅಂತ ಪಂಚಾಯ್ತಿಯಿಂದ ಮೊದಲೇ ಅರ್ಜಿ ಹೋಗಬೇಕು. ದಂಡ ಒಂದರಿಂದಲೇ ಇದು ನಿಲ್ಲುವುದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಡ್ರೈವರ್ ತಪ್ಪೇ ಮಾಡುವುದಿಲ್ಲ ಅಂತ ನಾವು ಹೇಳುತ್ತಿಲ್ಲ. ಆದರೆ ಬ್ರೇಕಿಲ್ಲದ, ಲೈಟಿಲ್ಲದ ಟ್ರಾಲಿಯನ್ನು ಕೊಟ್ಟು ಕಳಿಸಿದ ಮಾಲೀಕರಲ್ಲಿ ನಮ್ಮ ಮನೆಯವರೂ ಇದ್ದಾರೆ. ಹೊಸ ಟ್ರಾಲಿ ಮಾಡಿಸುವಾಗ ವೆಲ್ಡಿಂಗ್ ಅಂಗಡಿಯಲ್ಲಿ "ಎಷ್ಟು ಮಾಲು ಹಿಡಿತದ?" ಅಂತ ಕೇಳುವುದರ ಜೊತೆಗೆ "ಬ್ರೇಕ್ ಎಲ್ಲದ?" ಅಂತಲೂ ಕೇಳಿಸೋಣ. ಈ ಸಲ ಊರಿಗೆ ಹೋದಾಗ ಸ್ಟೇರಿಂಗ್ ಹಿಡಿಯುವ ಮುಂಚೆ ನಾವೇ ಒಮ್ಮೆ ಟ್ರಾಲಿಯ ಹಿಂದೆ ಹೋಗಿ ನಿಂತು ನೋಡೋಣ. ರಾತ್ರಿ ಹೊತ್ತು ನೋಡಿದರೆ ಇನ್ನೂ ಒಳ್ಳೆಯದು.